ಹಳದಿಯಾದದ್ದೆಲ್ಲ ಹಳದಿ ಎಲೆ ರೋಗವಲ್ಲ

ಅಡಿಕೆ ರೋಗದ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸಾರ್. ಆದರೆ ಅಡಿಕೆ ಸೋಗೆ ಹಳದಿ ತಿರುಗಿದರೆ ಹಳದಿ ಎಲೆ ರೋಗವೇ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನಮ್ಮ ಕೊಪ್ಪ, ಶೃಂಗೇರಿ ಕಡೆ ಆ ಹೆಸರು ಕೇಳಿದರೇ ಅರ್ಧ ಜೀವ ಹೋಗುತ್ತೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆ ರೋಗದಲ್ಲಿ ಹಳದಿ ಶುರುವಾಗೋದು ಸೋಗೆಯ ಗರಿಗಳ ತುದಿಯಿಂದ. ಒಂದು ಗರಿ ಕಿತ್ತು ಬಿಸಿಲಿಗೆ ಹಿಡಿದು ನೋಡಿ: ಅಂಚೆಲ್ಲ ಅರಿಶಿನ ಬಳಿದ ಹಾಗೆ, ನಡುನರದ ಪಕ್ಕ ಮಾತ್ರ ಹಸಿರು ಪಟ್ಟಿ ಉಳಿದಿರುತ್ತೆ, ಎರಡರ ಗಡಿ ಸ್ಪಷ್ಟವಾಗಿ ಕಾಣುತ್ತೆ. ಕಾಯಿ ಒಡೆದರೆ ತಿರುಳು ಮೆತ್ತಗೆ, ಕಪ್ಪು ಬಣ್ಣ. ಇದಕ್ಕೆ ಕಾರಣ ಫೈಟೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಥರದ ಸೂಕ್ಷ್ಮಾಣು, ಹರಡೋದು ರಸ ಹೀರುವ ಜಿಗಿಹುಳ. ಶಿಲೀಂಧ್ರಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಇದಕ್ಕೆ ಹೊಡೆದರೆ ದುಡ್ಡು ದಂಡ.

ಎಲೆಚುಕ್ಕಿ ರೋಗ ಬೇರೆ. ಮೊದಲು ಕೆಳಗಿನ ಸೋಗೆಯಲ್ಲಿ ಕಂದು ಚುಕ್ಕಿ, ಸುತ್ತ ಹಳದಿ ಬಳೆ. ಚುಕ್ಕಿಗಳು ಕೂಡಿಕೊಂಡು ಗರಿಯೇ ಒಣಗುತ್ತೆ. ಅದು ಶಿಲೀಂಧ್ರ. ಕೊಳೆರೋಗ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ: ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಆಮೇಲೆ ಹಸಿಗಾಯಿ ಉದುರು. ಅದಕ್ಕೆ ಮಳೆ ಹಿಡಿಯೋ ಮುಂಚೆ ಶೇ. 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ.

ಬುಡದಲ್ಲಿ ಕಂದು ರಸ ಸೋರಿ ಅಣಬೆ ಎದ್ದಿದ್ದರೆ ಅದು ಅಣಬೆ ರೋಗ. ಇದ್ಯಾವುದೂ ಇಲ್ಲದೆ ಇಡೀ ಸಾಲೇ ಪೇಲವವಾಗಿದ್ದರೆ ಮೊದಲು ಬಸಿಗಾಲುವೆ ನೋಡಿ. ನೀರು ನಿಂತರೂ ಹಳದಿ ಆಗುತ್ತೆ. (ಔಷಧಿ ಅಂಗಡಿಯವರು ಇದನ್ನು ಹೇಳಲ್ಲ ಬಿಡಿ.)

ಮುಂದಿನ ಲೇಖನಕ್ಕೆ ಗರಿಯನ್ನು ಹತ್ತಿರದಿಂದ ತೆಗೆದ ಫೋಟೊ ಹಾಕಿ. ದೂರದಿಂದ ಎಲ್ಲ ಮರವೂ ಒಂದೇ ಥರ ಕಾಣುತ್ತೆ.