ಮೂರು ಸಾಲಿಗೆ ಮೂರು ತಿಂಗಳು

ನಾನು ಕಳಿಸಿದ್ದು ಬರೀ ಮೂರು ಸಾಲು ಕೋಡ್. ಬರಹವನ್ನು ಚೊಕ್ಕ ಮಾಡುವ ಒಂದು ಓಪನ್ ಸೋರ್ಸ್ ಲೈಬ್ರರಿಗೆ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡಿನ ಕಟ್ಟಿಗೆ. ಆ ಲೈಬ್ರರಿ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ಗುಡಿಸಿ ಹಾಕುತ್ತದೆ. ಆ ಕಸದ ಜೊತೆ, ಅಕ್ಷರಗಳು ಹೇಗೆ ಕೂಡಬೇಕು ಅಂತ ಹೇಳುವ ಜೀರೋ ವಿಡ್ತ್ ಜಾಯ್ನರ್ ಕೂಡ ಹೋಗುತ್ತದೆ. ಹೆಸರು ಉದ್ದ, ಅಗಲ ಸೊನ್ನೆ. ಆದರೆ ಅದಿಲ್ಲದಿದ್ದರೆ ನಾನು ಬರೆದ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗುತ್ತದೆ. ರ ಮಾಯ, ಅರ್ಕಾವೊತ್ತು ಹಾಜರ್. ಅದನ್ನು ಗುಡಿಸಬೇಡ ಅನ್ನುವುದೇ ನನ್ನ ಮೂರು ಸಾಲು.

ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಹಾಕಿದ ನಿಮಿಷದಲ್ಲೇ ಬಾಟ್ ಬಂತು, ತಾನೇ ತಾನಾಗಿ ಓಡುವ ಪ್ರೋಗ್ರಾಂ. ಒಪ್ಪಂದಕ್ಕೆ ಸಹಿ ಹಾಕು ಅಂತು. ಹಾಕಿದೆ. ಕಮಿಟ್ ಸಂದೇಶದ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿಯ) ಮೊದಲ ಅಕ್ಷರ ದೊಡ್ಡದಾಯಿತು ಅಂತು. ತಿದ್ದಿದೆ. ನಾನು ಮುಟ್ಟದೇ ಇರುವ ಫೈಲಿನಲ್ಲಿ ಟೆಸ್ಟ್ ಫೇಲ್. ಅದಕ್ಕೂ ನಾನೇ ಹೊಣೆಯಂತೆ! ರೀಬೇಸ್ ಮಾಡಿದೆ, ಅಂದರೆ ನನ್ನ ಬದಲಾವಣೆಯನ್ನು ಅವರ ಹೊಸ ಕೋಡಿನ ಮೇಲೆ ಮತ್ತೆ ಕೂರಿಸಿದೆ, ಒಂದಲ್ಲ, ನಾಲ್ಕು ಸಲ.

ಐದು ವಾರದ ಮೇಲೆ ಲೈಬ್ರರಿ ನೋಡಿಕೊಳ್ಳುವ ಒಬ್ಬ ಮನುಷ್ಯ ಬಂದ. 'ಎರಡೂ ನನಗೆ ಒಂದೇ ತರ ಕಾಣುತ್ತವೆ, ಇದು ನಿಜಕ್ಕೂ ಬೇಕಾ?' ಅಂದ. ಕನ್ನಡ ಓದಲು ಬಾರದವನಿಗೆ ಹಾಗೆ ಕಾಣುವುದು ಸಹಜ, ಅಲ್ವಾ? ಸ್ಕ್ರೀನ್‌ಶಾಟ್ ಹಾಕಿ, ಬಾಣ ಬರೆದು, ಯೂನಿಕೋಡ್ ನಿಯಮ ತೋರಿಸಿ ವಿವರಿಸಿದೆ. ಆಮೇಲೆ ಪತ್ತೆಯೇ ಇಲ್ಲ. ಪಾಪ, ಸಂಬಳವಿಲ್ಲದೆ ಮಾಡುವ ಕೆಲಸ, ಬೈಯಲೂ ಮನಸ್ಸು ಬರುವುದಿಲ್ಲ.

ಬಾಟ್‌ಗೆ ಮಾತ್ರ ಬಿಡುವೇ ಬಿಡುವು. ನಿನ್ನೆ ಬಂದು, 'ಬಹಳ ದಿನದಿಂದ ಚಟುವಟಿಕೆ ಇಲ್ಲ' ಅಂತ ನನ್ನ ರಿಕ್ವೆಸ್ಟನ್ನೇ ಮುಚ್ಚಿಬಿಟ್ಟಿತು. ಚಟುವಟಿಕೆ ಇಲ್ಲದ್ದು ಯಾರ ಕಡೆ ಸ್ವಾಮಿ?