ಹೇಗೂ ದಾರಿಯಲ್ಲೇ ಇದೆಯಲ್ಲ

ನಮ್ಮ ಮನೆತನದಲ್ಲಿ ಶುಗರ್, ಬಿ.ಪಿ. ಜೊತೆಗೆ ಇನ್ನೊಂದು ಕಾಯಿಲೆಯೂ ತಲೆಮಾರಿನಿಂದ ಬಂದಿದೆ. ಅದರ ಹೆಸರು ‘ಹೇಗೂ ದಾರಿಯಲ್ಲೇ ಇದೆಯಲ್ಲ’. ಅಪ್ಪನಿಗೆ ಇದು ಜೋರಾಗಿತ್ತು. ಹಾಸನದಲ್ಲಿ ಯಾರದಾದರೂ ಮದುವೆ ಎಂದರೆ ಸಾಕು, ಹಳೇಬೀಡು ದಾರಿಯಲ್ಲೇ ಇದೆ ಅನ್ನುತ್ತಿದ್ದರು. ಬೆಂಗಳೂರಿನಿಂದ ಹೋಗುವವರು ಹಾಸನ ದಾಟಿ ಇನ್ನೂ 30 ಕಿಲೋಮೀಟರ್ ಹೋದರೆ ಸಿಗುವ ಊರು ಅದು. ನನ್ನ ಬಾಲ್ಯದಲ್ಲಿ ನಾನು ಹೊಯ್ಸಳರ ಶಿಲ್ಪ ನೋಡಿದ್ದೆಲ್ಲ ಹೊಸ ಬಟ್ಟೆಯಲ್ಲೇ, ಮುಹೂರ್ತ ಮೀರುವ ಗಾಬರಿಯಲ್ಲೇ. ಒಂದು ಸಲವಂತೂ ನಾವು ಛತ್ರ ಮುಟ್ಟಿದಾಗ ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು. ಮದುಮಗಳಿಗಿಂತ ಜಾಸ್ತಿ ಅವತ್ತು ಅತ್ತಿದ್ದು ನಾನು.

ಇಂಥ ರಕ್ತ ಮೈಯಲ್ಲಿ ಹರಿಯುವವನು ಇಟಲಿಗೆ ಹೋದರೆ ಏನಾಗಬೇಕೋ ಅದೇ ಆಯಿತು.

ಕಳೆದ ವರ್ಷ ನಾನು, ಹೆಂಡತಿ, ಮಗ ಮತ್ತು ಎಪ್ಪತ್ತೆರಡರ ಅಮ್ಮ ರೋಮಿನಿಂದ ನೇಪಲ್ಸ್ ಆಚೆಯ ಕಡಲ ತೀರದ ಊರು ಸೊರೆಂಟೊಗೆ ಹೋಗಬೇಕಿತ್ತು. ರೈಲಿನಲ್ಲಿ ಹೋಗಬಹುದು. ರೋಮಿನಿಂದ ನೇಪಲ್ಸ್‌ಗೆ ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಸೊರೆಂಟೊಗೆ ಲೋಕಲ್ ಟ್ರೇನ್. ಆದರೆ ನಮ್ಮ ಹತ್ತಿರ ಐದು ಸೂಟ್‌ಕೇಸ್, ಅಮ್ಮನ ಮೊಣಕಾಲು ನೋವು. ಹೋಟೆಲ್ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ ವ್ಯಾನ್ ಮಾಡುವುದೇ ಸರಿ ಎಂದು ಹುಡುಕಿದೆ. ಆಗ ಕಣ್ಣಿಗೆ ಬಿತ್ತು: ಅದೇ ವ್ಯಾನು, ನಡುವೆ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಪಟ್ಟಣ ಪಾಂಪೇಯ ಅವಶೇಷಗಳ ಬಳಿ ಎರಡು ಗಂಟೆ ನಿಲುಗಡೆ, ಗೈಡ್ ಸಮೇತ. ಸ್ವಾಮಿ ಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು! ಮೇಲಿನಿಂದ ಅಪ್ಪ ನೋಡಿ ತಲೆದೂಗಿರಬೇಕು. ತಕ್ಷಣ ದುಡ್ಡು ಕಟ್ಟಿಬಿಟ್ಟೆ.

ಅಮ್ಮನದು ಒಂದೇ ತಕರಾರು. ‘ಮಂಗಳವಾರ ಗಂಟುಮೂಟೆ ಕಟ್ಟಿಕೊಂಡು ಹೊರಡಬಾರದು ಕಣೋ.’

‘ಇಟಲಿಯಲ್ಲಿ ಅದೆಲ್ಲ ಇಲ್ಲಮ್ಮ’ ಎಂದೆ.

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕರಿ ವ್ಯಾನು ಬಂತು. ಡ್ರೈವರ್ ಕಪ್ಪು ಕನ್ನಡಕ, ಇಸ್ತ್ರಿ ಹಾಕಿದ ಬಿಳಿ ಅಂಗಿ. ನೋಡಲು ಅವನೇ ಬೀಗರ ಕಡೆಯವನಂತಿದ್ದ, ನಾವು ಅವನ ಲಗೇಜು ಹೊರುವವರಂತಿದ್ದೆವು. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಇಷ್ಟೇ: ‘ನೋ ಪ್ರಾಬ್ಲಮ್’, ‘ಬ್ಯೂಟಿಫುಲ್’, ‘ಟೂ ಅವರ್’. ಜೀವನಕ್ಕೆ ಇಷ್ಟು ಸಾಕು ಅನ್ನಿ.

ದಾರಿಯಲ್ಲಿ ಕಾಫಿಗೆ ನಿಲ್ಲಿಸಿದ. ಕೌಂಟರಿನಲ್ಲಿ ದುಡ್ಡು ಕೊಟ್ಟು, ಚೀಟಿ ತಗೊಂಡು, ಇನ್ನೊಂದು ಕೌಂಟರಿನಲ್ಲಿ ನಿಂತೇ ಕುಡಿಯಬೇಕು. ಥೇಟ್ ನಮ್ಮ ದರ್ಶಿನಿ. ಅಮ್ಮ ಖುಷಿಯಾದರು. ಆದರೆ ಬೆರಳುದ್ದದ ಕಪ್ಪಿನ ತಳದಲ್ಲಿದ್ದ ಎಸ್‌ಪ್ರೆಸೊ ನೋಡಿ ಅವರ ಮುಖ ಗಂಭೀರವಾಯಿತು. ‘ಪಾಪ, ಬರೀ ಡಿಕಾಕ್ಷನ್ ಕೊಟ್ಟಿದ್ದಾನೆ. ಹಾಲು ಹಾಕೋದು ಮರೆತಿದ್ದಾನೆ, ಹೋಗಿ ಹೇಳು.’

ಹನ್ನೊಂದಕ್ಕೆ ಪಾಂಪೇ ಬಂತು. ಡ್ರೈವರ್ ನಮ್ಮನ್ನು ಒಂದು ಗೇಟಿನ ಮುಂದೆ ಇಳಿಸಿ, ಎರಡು ಬೆರಳು ತೋರಿಸಿ ‘ಟೂ ಅವರ್’ ಎಂದು ಹೇಳಿ ಮಾಯವಾದ. ವ್ಯಾನಿನ ಜೊತೆ ನಮ್ಮ ಐದು ಸೂಟ್‌ಕೇಸೂ ಹೋದವು.

‘ರೀ, ವ್ಯಾನ್ ನಂಬರ್ ಬರೆದುಕೊಂಡ್ರಾ?’ ಎಂದಳು ಹೆಂಡತಿ.

ಫೋಟೋನೇ ತೆಗೆದಿದ್ದೇನೆ ಎಂದು ಹೆಮ್ಮೆಯಿಂದ ತೋರಿಸಿದೆ. ಅದರಲ್ಲಿ ವ್ಯಾನಿನ ಅರ್ಧ ಗಾಜು, ಒಂದು ಮರ, ಮತ್ತು ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ನನ್ನ ಹೆಬ್ಬೆರಳು ಇತ್ತು.

ಗೈಡ್ ಕಾಣಲಿಲ್ಲ. ಹತ್ತು ನಿಮಿಷ ಕಾದು ಫೋನ್ ಮಾಡಿದೆ. ‘ನಾನು ಮುಖ್ಯ ದ್ವಾರದಲ್ಲೇ ಇದ್ದೇನೆ’ ಎಂದಳು ಆಕೆ. ‘ನಾವೂ ಮುಖ್ಯ ದ್ವಾರದಲ್ಲೇ ಇದ್ದೇವೆ’ ಎಂದೆ ನಾನು. ಬೆಂಗಳೂರಿನಲ್ಲಿ ‘ಲಾಲ್‌ಬಾಗ್ ಗೇಟ್ ಹತ್ತಿರ ಸಿಗ್ತೀನಿ’ ಎಂದು ಯಾವ ಗೇಟು ಅಂತ ಹೇಳದೆ ಫೋನ್ ಇಟ್ಟವರಿಗೆ ಇದರ ಕಷ್ಟ ಗೊತ್ತು. ಪಾಂಪೇ ಸುಮಾರು 160 ಎಕರೆಯ ಊರು. ಆಕೆ ಇದ್ದದ್ದು ಪಶ್ಚಿಮದ ಪೋರ್ತಾ ಮರೀನಾ ಬಾಗಿಲಲ್ಲಿ. ನಾವಿದ್ದದ್ದು ಪೂರ್ವ ತುದಿಯ ಆಂಫಿಥಿಯೇಟರ್ ಬಾಗಿಲಲ್ಲಿ. ನಡುವೆ ಎರಡು ಸಾವಿರ ವರ್ಷದ ಹಿಂದಿನ ಇಡೀ ಪಟ್ಟಣ. ‘ನೀವು ಒಳಗೆ ಬನ್ನಿ, ನಾನೇ ಆ ಕಡೆ ಬರ್ತೀನಿ. ಅಂದಹಾಗೆ ನಿಮ್ಮ ಎರಡು ಗಂಟೆ ಶುರುವಾಗಿದೆ’ ಎಂದಳು.

ಒಳಗೆ ಹೋಗುವುದು ಅಷ್ಟು ಸುಲಭವೇ? 2024ರ ನವೆಂಬರಿನಿಂದ ಪಾಂಪೇಗೆ ದಿನಕ್ಕೆ 20,000 ಜನರನ್ನು ಮಾತ್ರ ಬಿಡುತ್ತಾರೆ. ಟಿಕೆಟಿನ ಮೇಲೆ ಪ್ರತಿಯೊಬ್ಬರ ಹೆಸರಿರಬೇಕು, ಗುರುತಿನ ದಾಖಲೆ ಕೈಯಲ್ಲಿರಬೇಕು. ಹೆಸರಿತ್ತು. ಪಾಸ್‌ಪೋರ್ಟುಗಳು ಜೋಪಾನವಾಗಿದ್ದವು. ಎಲ್ಲಿ? ಹೆಂಡತಿಯ ಸೂಟ್‌ಕೇಸಿನಲ್ಲಿ, ಸೀರೆಗಳ ಮಧ್ಯೆ, ವ್ಯಾನಿನ ಡಿಕ್ಕಿಯಲ್ಲಿ. ಜೇಬುಗಳ್ಳರ ಭಯಕ್ಕೆ ಅಲ್ಲಿಡು ಎಂದು ಹೇಳಿದ್ದು ನಾನೇ. ಡ್ರೈವರಿಗೆ ಫೋನ್ ಮಾಡಿದರೆ ‘ನೋ ಪ್ರಾಬ್ಲಮ್’ ಎಂದು ಇಟ್ಟುಬಿಟ್ಟ.

ಕೊನೆಗೆ ಕಾಪಾಡಿದ್ದು ಮಗ. ವೀಸಾ ಅರ್ಜಿ ಹಾಕುವಾಗ ತೆಗೆದ ಪಾಸ್‌ಪೋರ್ಟ್ ಫೋಟೋಗಳು ಅವನ ಫೋನಿನಲ್ಲಿದ್ದವು. ಗೇಟಿನವನು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದ. ನೋಡಿದಷ್ಟೂ ಅವನ ಹುಬ್ಬು ಮೇಲೇರಿತು. ನನ್ನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು. ಅಮ್ಮನದರಲ್ಲಿ ಊರ ಹೆಸರು. ಮಗನದರಲ್ಲಿ ನನ್ನ ಹೆಸರು. ಹೆಂಡತಿಯದರಲ್ಲಿ ಆ ಜಾಗ ಖಾಲಿ. ‘ಫ್ಯಾಮಿಲಿ?’ ಎಂದು ಅನುಮಾನದಿಂದ ಕೇಳಿದ. ಅದೇ ಹೊತ್ತಿಗೆ ಹೆಂಡತಿ ನನ್ನ ಕಡೆ ಬಿಟ್ಟ ಒಂದು ನೋಟ ನೋಡಿ, ಸಂಸಾರವೇ ಹೌದು ಎಂದು ಖಾತ್ರಿಯಾಗಿ ಬಿಟ್ಟ.

ಮುಂದೆ ಬ್ಯಾಗ್ ತಪಾಸಣೆ. 30 ಸೆಂಟಿಮೀಟರ್ ಉದ್ದ, 30 ಅಗಲ, 15 ದಪ್ಪ ಮೀರಿದ ಚೀಲ ಒಳಗೆ ಬಿಡುವುದಿಲ್ಲ. ಅಮ್ಮನ ಕೈಯಲ್ಲಿ ಬಟ್ಟೆ ಅಂಗಡಿಯವರು ಕೊಟ್ಟ ದೊಡ್ಡ ಚೀಲ. ಚೀಲ ಇಟ್ಟು ಹೋಗಿ ಎಂದರು. ಅಮ್ಮ ಶಾಂತವಾಗಿ ಅದರೊಳಗಿನಿಂದ ಕೋಡುಬಳೆ ಡಬ್ಬಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಖಾಲಿ ಚೀಲ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾವ ನಿಯಮವೂ ಮುರಿದಿರಲಿಲ್ಲ. ಯಾರೂ ಏನೂ ಹೇಳುವಂತಿರಲಿಲ್ಲ.

ಗೈಡ್ ಏದುಸಿರು ಬಿಡುತ್ತಾ ಬಂದಾಗ ನಾವು ಆಂಫಿಥಿಯೇಟರ್ ಮುಂದೆ ನೆರಳಿನಲ್ಲಿ ಕೂತಿದ್ದೆವು. ಹಳದಿ ಕೊಡೆ ಹಿಡಿದ, ಐವತ್ತರ ಆಸುಪಾಸಿನ ಹೆಂಗಸು. ಬಂದವಳೇ ಶುರು ಮಾಡಿದಳು. ಈ ಅಖಾಡದಲ್ಲೂ ಸುಮಾರು 20,000 ಜನ ಕೂರಬಹುದಿತ್ತಂತೆ. ಕ್ರಿ.ಶ. 59ರಲ್ಲಿ ಕಾಳಗದ ಆಟ ನೋಡಲು ಬಂದ ಪಕ್ಕದ ನುಚೇರಿಯಾ ಊರಿನವರಿಗೂ ಪಾಂಪೇಯವರಿಗೂ ಮಾರಾಮಾರಿಯಾಗಿ ಹೆಣಗಳು ಬಿದ್ದವು. ರೋಮಿನವರು ಹತ್ತು ವರ್ಷ ಆಟವನ್ನೇ ನಿಷೇಧಿಸಿದರು. ಜಗಳಕ್ಕೆ ಏನು ಕಾರಣ ಎಂದು ಮಗ ಕೇಳಿದ. ಯಾರೋ ಯಾರಿಗೋ ಯಾವ ಗೇಟು ಅಂತ ಹೇಳಿರಲಿಕ್ಕಿಲ್ಲ ಅಂತ ನನಗೆ ಅನ್ನಿಸಿತು.

ಅಲ್ಲಿಂದ ಹತ್ತಿರದಲ್ಲೇ ಒಂದು ತೋಟ. ಬೂದಿಯಿಂದ ಓಡಿಹೋಗಲು ನೋಡಿ ಬಿದ್ದ 13 ಜನರ ಅಚ್ಚುಗಳು ಅಲ್ಲಿವೆ. ಗಟ್ಟಿಯಾದ ಬೂದಿಯೊಳಗೆ ದೇಹ ಕರಗಿ ಉಳಿದ ಟೊಳ್ಳಿಗೆ ಗಾರೆ ಸುರಿದು ಆಕಾರ ತೆಗೆಯುವ ವಿಧಾನವನ್ನು 1863ರಲ್ಲಿ ಫಿಯೊರೆಲ್ಲಿ ಎಂಬಾತ ಶುರು ಮಾಡಿದನಂತೆ. ಒಂದು ಮಗು ಅಂಗಾತ ಮಲಗಿದೆ. ಒಬ್ಬ ಮೊಣಕೈ ಊರಿ ಏಳಲು ನೋಡುತ್ತಿದ್ದಾನೆ. ಅಮ್ಮ ತೆಗೆಯುತ್ತಿದ್ದ ಡಬ್ಬಿಯ ಮುಚ್ಚಳ ಹಾಕಿದರು. ನಾವ್ಯಾರೂ ಮಾತಾಡಲಿಲ್ಲ. ಈ ಊರಿನಲ್ಲಿ ಸಿಕ್ಕ ಎಷ್ಟೋ ಅಸ್ಥಿಗಳ ಜೊತೆ ಒಡವೆ, ನಾಣ್ಯ, ಮನೆಯ ಬೀಗದಕೈ ಸಿಕ್ಕಿವೆ ಎಂದಳು ಗೈಡ್. ಮನೆಗೆ ವಾಪಸ್ ಬರ್ತೀವಿ ಅಂದುಕೊಂಡೇ ಹೊರಟವರು.

ಹೆಂಡತಿ ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದಳು. ‘ಸೂಟ್‌ಕೇಸ್ ಕೀ ನಿಮ್ಮ ಹತ್ರಾನೇ ಇದೆ ಅಲ್ವಾ?’

ಜೇಬು ಮುಟ್ಟಿ ನೋಡಿಕೊಂಡೆ. ಇತ್ತು.

ಮುಂದಿನದು ಓಟ. ಉಳಿದದ್ದು ಒಂದು ಗಂಟೆ ಹತ್ತು ನಿಮಿಷ. ಪಾಂಪೇಯ ರಸ್ತೆಗಳಲ್ಲಿ ದಾಟಲು ನಡುವೆ ದಪ್ಪ ದಪ್ಪ ಕಲ್ಲು ಇಟ್ಟಿದ್ದಾರೆ. ಮಳೆನೀರು, ಕೊಳಚೆ ಎಲ್ಲ ರಸ್ತೆಯಲ್ಲೇ ಹರಿಯುತ್ತಿದ್ದುದರಿಂದ ಜನ ಕಾಲು ನೆನೆಯದಂತೆ ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಡುತ್ತಿದ್ದರು. ಬಂಡಿಯ ಚಕ್ರ ಆ ಕಲ್ಲುಗಳ ಸಂದಿಯಲ್ಲಿ ಹೋಗುತ್ತಿತ್ತು. ಗೈಡ್ ಇದನ್ನು ಬಹಳ ಆಶ್ಚರ್ಯದಿಂದ ವಿವರಿಸಿದಳು. ನಮಗೆ ಆಶ್ಚರ್ಯ ಆಗಲಿಲ್ಲ. ಪ್ರತಿ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಸಿಮೆಂಟ್ ಇಟ್ಟಿಗೆ ಇಟ್ಟು ನಾವು ದಾಟುವುದೂ ಹೀಗೇ. ಅವರದು ಸ್ವಲ್ಪ ನೀಟಾಗಿದೆ, ಅಷ್ಟೇ.

ಬೀದಿ ಬದಿಯಲ್ಲಿ ಕಟ್ಟೆಗಳು, ಕಟ್ಟೆಯಲ್ಲಿ ಹೂತ ಮಡಕೆಗಳು. ತರ್ಮೊಪೋಲಿಯಂ ಅಂತ ಹೆಸರು. ಬಿಸಿ ಊಟ ಕೊಡುತ್ತಿದ್ದ ಅಂಗಡಿ. ‘ಓ, ಇಲ್ಲೂ ದರ್ಶಿನಿ!’ ಎಂದರು ಅಮ್ಮ.

ಬೇಕರಿಯಲ್ಲಿ ಮಾತ್ರ ಗೈಡ್ ಕೆಲಸ ಕಳಕೊಂಡಳು. ಅಲ್ಲಿ ನಮ್ಮ ಎದೆಮಟ್ಟದ, ಡಮರುಗದಂತೆ ನಡು ಸಣ್ಣಗಿರುವ ಕಲ್ಲುಗಳು ಸಾಲಾಗಿ ನಿಂತಿವೆ. ಲಾವಾ ಕಲ್ಲಿನ ಬೀಸುಕಲ್ಲು. ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಅಮ್ಮ ಅದರ ಮೈಮೇಲೆ ಕೈ ಆಡಿಸಲು ಹೋಗಿ, ಮುಟ್ಟಬಾರದು ಅಂತ ಹೇಳಿಸಿಕೊಂಡು, ಗಾಳಿಯಲ್ಲೇ ಆಡಿಸಿದರು. ‘ಕಾಳು ಮೇಲಿಂದ ಸುರೀಬೇಕು. ಒಳಗೆ ಹಲ್ಲು ಸವೆದಿದ್ರೆ ಹಿಟ್ಟು ನುಣ್ಣಗೆ ಬರಲ್ಲ. ವರ್ಷಕ್ಕೊಂದು ಸಲ ಕಲ್ಲುಕುಟಿಗನ ಕರೆಸಿ ಮುಳ್ಳು ಹಾಕಿಸಬೇಕು.’ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ರಾಗಿ ಬೀಸಿದ ಕೈ. ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರುತ್ತದಲ್ಲ, ತಿಂದವರ ಹಲ್ಲು ಹೇಗಿತ್ತು ಎಂದು ಕೇಳಿದರು. ನಾನು ಅನುವಾದಿಸಿದೆ. ಗೈಡ್ ಒಂದು ಕ್ಷಣ ಅಮ್ಮನನ್ನೇ ನೋಡಿ, ‘ಸವೆದಿತ್ತು’ ಎಂದಳು. ಹಿಂದೆ ಬಂದ ಜಪಾನಿನ ಗುಂಪೊಂದು ಅಮ್ಮನ ಮುಂದೆ ಅರ್ಧ ಚಂದ್ರಾಕಾರದಲ್ಲಿ ನಿಂತು ಫೋಟೋ ತೆಗೆಯಿತು. ಬೇರೊಂದು ಬೇಕರಿಯ ಒಲೆಯೊಳಗೆ ಕರಿಕಲಾದ 81 ಬ್ರೆಡ್ಡುಗಳು ಹಾಗೇ ಸಿಕ್ಕಿದ್ದವಂತೆ. ‘ಅಯ್ಯೋ, ಒಲೆ ಮೇಲೆ ಇಟ್ಟಿದ್ದನ್ನ ಇಳಿಸೋಕೂ ಪುರಸೊತ್ತು ಸಿಗಲಿಲ್ಲ’ ಎಂದು ಅಮ್ಮ ನಿಟ್ಟುಸಿರು ಬಿಟ್ಟರು. ಅಚ್ಚುಗಳ ಮುಂದೆಯೂ ಅವರು ಇಷ್ಟು ನೊಂದಿರಲಿಲ್ಲ.

ಮುಂದಿನ ತಿರುವಿನಲ್ಲಿ ಉದ್ದನೆಯ ಕ್ಯೂ. ಎಲ್ಲ ವಯಸ್ಸಿನವರೂ ನಗುತ್ತಾ ನಿಂತಿದ್ದರು. ಅದು ಲುಪನಾರ್, ಊರಿನ ವೇಶ್ಯಾಗೃಹ. ಒಳಗೆ ಪುಟ್ಟ ಕೋಣೆ, ಕಲ್ಲಿನ ಮಂಚ, ಬಾಗಿಲ ಮೇಲೆ ಚಿತ್ರಗಳು. ‘ಏನೋ ಇದು?’ ಎಂದರು ಅಮ್ಮ. ಮಗ ಆಕಾಶ ನೋಡಿದ. ‘ಹಳೇ ಲಾಡ್ಜ್ ಅಮ್ಮ’ ಎಂದೆ. ಅಮ್ಮ ಒಳಗೆ ಹೋಗಿ, ಚಿತ್ರಗಳನ್ನು ಒಂದೂ ಬಿಡದೆ ನೋಡಿ ಹೊರಬಂದರು. ‘ನಿನಗೆ ಇಂಗ್ಲಿಷ್ ಅಷ್ಟು ಸರಿಯಾಗಿ ಬರಲ್ಲ ಅಂತ ಕಾಣುತ್ತೆ. ದೇವಸ್ಥಾನದ ಗೋಡೆ ಮೇಲೆ ನಾನು ನೋಡದ್ದಾ ಇದು? ನಡಿ.’

ಒಂದು ಗಂಟೆಗೆ ಸರಿಯಾಗಿ ಫೋರಂ ಚೌಕದಲ್ಲಿ ಗೈಡ್ ಕೊಡೆ ಮಡಿಸಿದಳು. ಎದುರಿಗೆ ವೆಸುವಿಯಸ್ ಬೆಟ್ಟ, ಏನೂ ತಿಳಿಯದವನ ಹಾಗೆ. ಕ್ರಿ.ಶ. 79ರಲ್ಲಿ ಊರು ಮುಚ್ಚಿದ ಮೇಲೂ ಅದು ಎಷ್ಟೋ ಸಲ ಬಾಯಿ ತೆರೆದಿದೆ, ಕೊನೆಯ ಸಲ 1944ರಲ್ಲಿ. ಹೊರಡುವ ಮುಂಚೆ ಆಕೆ, ‘ನೀವು ಇಂಡಿಯಾದವರು ಅಲ್ವಾ? ಇಲ್ಲಿನ ಒಂದು ಮನೆಯಲ್ಲಿ 1938ರಲ್ಲಿ ನಿಮ್ಮ ಲಕ್ಷ್ಮಿ ಸಿಕ್ಕಳು’ ಎಂದಳು. ದಂತದಲ್ಲಿ ಕೆತ್ತಿದ, ಗೇಣುದ್ದಕ್ಕಿಂತ ಸ್ವಲ್ಪ ಎತ್ತರದ ಮೂರ್ತಿ. ಭಾರತದಿಂದ ಹಡಗಿನಲ್ಲಿ ಬಂದದ್ದು. ಲಕ್ಷ್ಮಿಯಲ್ಲ, ಯಕ್ಷಿ ಇರಬೇಕು ಅಂತ ಬಲ್ಲವರು ಈಗ ಹೇಳುತ್ತಾರೆ. ಈ ಎರಡನೇ ಮಾತು ಅಮ್ಮನ ಕಿವಿಗೆ ಬೀಳಲೇ ಇಲ್ಲ.

‘ಎಲ್ಲಿದ್ದಾಳೆ?’

‘ನೇಪಲ್ಸ್ ಮ್ಯೂಸಿಯಮ್ಮಿನಲ್ಲಿ.’

ನಾವು ಪಶ್ಚಿಮದ ಬಾಗಿಲಿನಿಂದ ಹೊರಬಿದ್ದೆವು. ಡ್ರೈವರ್ ನಮ್ಮನ್ನು ಇಳಿಸಿದ ಪೂರ್ವದ ಬಾಗಿಲಲ್ಲೇ ಕಾಯುತ್ತಿದ್ದ. ಅವನ ತಪ್ಪೇನಿಲ್ಲ ಬಿಡಿ. ಅವನು ಈ ಕಡೆ ಬರಲು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗೆ ಕಾಯುವ ಶುಲ್ಕ ಬೇರೆ. ನಾವು ಅವನಿಗೆ ಕಾದದ್ದಕ್ಕೆ ಅವನಿಗೆ ಯಾಕೆ ದುಡ್ಡು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಸೂಟ್‌ಕೇಸುಗಳು ಐದೂ ಇದ್ದವು. ಹೆಂಡತಿ ಎರಡು ಸಲ ಎಣಿಸಿದಳು. ವ್ಯಾನು ಹೊರಟು ಐದು ನಿಮಿಷ ಆಗಿರಬಹುದು, ಹಿಂದಿನ ಸೀಟಿನಿಂದ ಅಮ್ಮನ ದನಿ ಬಂತು. ‘ನೇಪಲ್ಸ್ ಎಷ್ಟು ದೂರವೋ?’

‘25 ಕಿಲೋಮೀಟರ್. ಆದ್ರೆ ಅದು ಆ ಕಡೆಗೆ ಅಮ್ಮ, ನಾವು ಹೋಗೋದು ಈ ಕಡೆಗೆ.’

‘ಮನೆಯವಳು ಪರದೇಶದಲ್ಲಿ ಒಬ್ಬಳೇ ನಿಂತಿದ್ದಾಳೆ. ನೋಡದೆ ಹೋಗೋದಾ? ನಿಮ್ಮಪ್ಪ ಇದ್ದಿದ್ರೆ...’

ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತು. ಅದನ್ನೇ ನಾನೂ ಅಂದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, ‘ನಾಪೊಲಿ? ನೋ ಪ್ರಾಬ್ಲಮ್!’ ಎಂದು ಆ ಕ್ಷಣವೇ ಇಂಡಿಕೇಟರ್ ಹಾಕಿದ. ‘ಗಂಟೆಗೆ ಎಷ್ಟಂತೆ ಕೇಳ್ರೀ’ ಎಂದಳು ಹೆಂಡತಿ. ಅಷ್ಟರಲ್ಲಿ ವ್ಯಾನು ಹೆದ್ದಾರಿ ಹತ್ತಿಯಾಗಿತ್ತು.

ಅಮ್ಮ ಡಬ್ಬಿ ತೆಗೆದು ಎಲ್ಲರಿಗೂ ಕೋಡುಬಳೆ ಹಂಚಿದರು, ಡ್ರೈವರಿಗೂ ಎರಡು. ಅವನು ಕಚ್ಚಿ, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು ‘ಬ್ಯೂಟಿಫುಲ್’ ಎಂದ. ನೇಪಲ್ಸ್‌ನ ಕಟ್ಟಡಗಳು ಕಾಣತೊಡಗಿದಾಗ, ಫೋನ್ ನೋಡುತ್ತಿದ್ದ ಮಗ ತಲೆ ಎತ್ತಿದ.

‘ಅಪ್ಪ, ಇವತ್ತು ಯಾವ ವಾರ?’

‘ಮಂಗಳವಾರ. ಯಾಕೆ?’

‘ಮ್ಯೂಸಿಯಮ್ಮಿಗೆ ಮಂಗಳವಾರ ರಜಾ.’

ವ್ಯಾನಿನಲ್ಲಿ ಕೋಡುಬಳೆ ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ನೋಡದೆಯೂ ಅಮ್ಮನ ಮುಖ ಹೇಗಿದೆ ಎಂದು ಗೊತ್ತಿತ್ತು.