ಮಂಜು ಹಿಡಿದ ಕನ್ನಡಕ

ಮಳೆಗಾಲ ಬಂತೆಂದರೆ ಕನ್ನಡಕದವರ ಕಷ್ಟ ಕನ್ನಡಕದವರಿಗೇ ಗೊತ್ತು. ಇವತ್ತು ಬೆಳಗ್ಗೆ ಹೆಲ್ಮೆಟ್ಟಿನೊಳಗೆ ಬಿಟ್ಟ ಉಸಿರೆಲ್ಲ ನೆಟ್ಟಗೆ ಗಾಜಿಗೇ ಹೋಗಿ ಕೂತು, ಸಿಗ್ನಲ್ಲಿನಲ್ಲಿ ಕೆಂಪೋ ಹಸಿರೋ ತಿಳಿಯದೆ ನಿಂತೆ. ಹಿಂದಿನವರು ಹಾರ್ನ್ ಹೊಡೆದು ಬಣ್ಣ ತಿಳಿಸಿದರು. ಆಫೀಸಿಗೆ ಬಂದರೆ ಕಾಫಿಯ ಹಬೆಗೆ ಮತ್ತೆ ಮಬ್ಬು. ಪಕ್ಕದ ಸೀಟಿನ ಪುಣ್ಯಾತ್ಮರು ಎಂದಿನಂತೆ "ಲೆನ್ಸ್ ಹಾಕಿಸ್ಕೊಳ್ರೀ" ಅಂದರು. ಕಣ್ಣು ಸರಿ ಇದ್ದವರಿಗೆ ಉಪದೇಶದ ಹಕ್ಕು ಕೊಟ್ಟವರು ಯಾರೋ!

ಇಂಥ ಹೊತ್ತಿನಲ್ಲೆಲ್ಲ ನನಗೆ ಎಡ್ಡಿ ಎಡ್ವರ್ಡ್ಸ್ ನೆನಪಾಗುತ್ತಾನೆ. ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್‌ನ ಗಾರೆ ಕೆಲಸದವ. ಇಳಿಜಾರಿನ ಸ್ಕೀಯಿಂಗ್ ತಂಡದಲ್ಲಿ ಜಾಗ ಸಿಗಲಿಲ್ಲ, ಜೇಬೂ ಖಾಲಿ. ಸ್ಕೀ ಜಂಪಿಂಗ್, ಅಂದರೆ ಹಿಮದ ಇಳಿಜಾರಿನಲ್ಲಿ ಜಾರಿ ಬಂದು ಗಾಳಿಯಲ್ಲಿ ಆದಷ್ಟು ದೂರ ಹಾರುವ ಆಟ, ಅಗ್ಗ. ಮೇಲಾಗಿ ಬ್ರಿಟನ್ನಿನಲ್ಲಿ ಬೇರೆ ಯಾರಿಗೂ ಆ ಹುಚ್ಚು ಇರಲಿಲ್ಲ. ಒಬ್ಬನೇ ಅಭ್ಯರ್ಥಿ ಇರುವ ಹುದ್ದೆಗೆ ಅರ್ಜಿ ಹಾಕುವ ಬುದ್ಧಿ ನಮಗೆಲ್ಲಿ ಬರುತ್ತದೆ? ಸಾಲ ತಂದ ಬೂಟು ದೊಡ್ಡದಾಯಿತೆಂದು ಆರು ಜೊತೆ ಕಾಲುಚೀಲ ತುರುಕಿಕೊಂಡು ಕಲಿತ. ಒಲಿಂಪಿಕ್ಸಿಗೆ ಆಯ್ಕೆಯಾದ ಸುದ್ದಿ ಬಂದಾಗ ಫಿನ್ಲೆಂಡಿನ ಮಾನಸಿಕ ಆಸ್ಪತ್ರೆಯೊಂದರಲ್ಲಿದ್ದ. ಚಿಕಿತ್ಸೆಗಲ್ಲ ಮಾರಾಯ್ರೇ, ಅಗ್ಗದ ಹಾಸಿಗೆ ಸಿಕ್ಕಿತೆಂದು!

1988, ಕೆನಡಾದ ಕ್ಯಾಲ್ಗರಿ. ದಪ್ಪ ಗಾಜಿನ ಕನ್ನಡಕ, ಅದರ ಮೇಲೊಂದು ಗಾಗಲ್. ಹೊರಗೆ ಕೊರೆಯುವ ಚಳಿ, ಒಳಗೆ ಬಿಸಿಯುಸಿರು. ಗಾಜು ಮಂಜಾಗದೆ ಇನ್ನೇನಾದೀತು? ಒರೆಸೋಣವೆಂದರೆ ಗಾಗಲ್ ಬಿಚ್ಚಬೇಕು, ಅದಕ್ಕೆ ಮೊದಲು ಕೈಗವಸು ಬಿಚ್ಚಬೇಕು. ಕೂತಿರುವುದೋ ಇಳಿಜಾರಿನ ತುದಿಯ ಒಂದು ಅಡ್ಡಪಟ್ಟಿಯ ಮೇಲೆ, ಕಾಲಿಗೆ ಆಳುದ್ದ ಮೀರಿದ ಸ್ಕೀ. ಬಿಚ್ಚಿ ಒರೆಸಿ ಮತ್ತೆ ಹಾಕಿಕೊಂಡರೆ ಮತ್ತೆ ಮಂಜು, ಅದು ನಮಗೂ ಗೊತ್ತಿದ್ದದ್ದೇ. ನಾನಾಗಿದ್ದರೆ ಆ ಪಟ್ಟಿ ಹಿಡಿದುಕೊಂಡು ಅಲ್ಲೇ ಸಂಸಾರ ಹೂಡುತ್ತಿದ್ದೆ. ಎಡ್ಡಿ ಜಾರಿಯೇ ಬಿಟ್ಟ! ನೆಲ ಎಲ್ಲಿದೆಯೆಂದು ನೆಲ ತಗುಲಿದ ಮೇಲೆಯೇ ತಿಳಿದಿರಬೇಕು.

90 ಮೀಟರ್ ವಿಭಾಗದಲ್ಲಿ (ಇದು ಇಳಿಜಾರಿನ ಅಳತೆಯ ಹೆಸರು, ಹಾರುವ ಮಿತಿಯಲ್ಲ) ಫಿನ್ಲೆಂಡಿನ ಮಟ್ಟಿ ನೈಕಾನೆನ್ 118.5 ಮೀಟರ್ ಹಾರಿ ಚಿನ್ನ ಗೆದ್ದ. ನಮ್ಮವನು 71. ಹೌದು, ನಮ್ಮವನೇ, ಕನ್ನಡಕದವರಿಗೆ ದೇಶಭೇದವಿಲ್ಲ. 70 ಮೀಟರ್ ವಿಭಾಗದಲ್ಲೂ ಕೊನೆಯವನೇ. ಹಗುರವಿದ್ದಷ್ಟೂ ದೂರ ಹಾರುವ ಆಟದಲ್ಲಿ ಇವನ ತೂಕ 82 ಕಿಲೋ, ಅವನ ನಂತರದ ಭಾರದವನಿಗಿಂತಲೂ 9 ಕಿಲೋ ಜಾಸ್ತಿ. ಆದರೂ ಸಮಾರೋಪದಲ್ಲಿ ಸಂಘಟಕ ಫ್ರಾಂಕ್ ಕಿಂಗ್ ಹದ್ದಿನಂತೆ ಹಾರಿದವರನ್ನು ನೆನೆದಾಗ (ಎಡ್ಡಿಯ ಅಡ್ಡಹೆಸರೇ 'ಈಗಲ್', ಅಂದರೆ ಹದ್ದು) ಜನ "ಎಡ್ಡಿ, ಎಡ್ಡಿ" ಎಂದು ಅರಚಿದರು.

ಒಲಿಂಪಿಕ್ ಸಮಿತಿಯ ದೊಡ್ಡವರಿಗೆ ಇದು ಸಹಿಸಲಾಗಲಿಲ್ಲ. 1990ರಲ್ಲಿ ನಿಯಮ ಬಂತು: ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮೊದಲ ಶೇ. 30 ಇಲ್ಲವೇ ಮೊದಲ 50, ಎರಡರಲ್ಲಿ ಯಾವುದು ಕಡಿಮೆಯೋ ಅದರೊಳಗೆ ಇದ್ದವರಿಗೆ ಮಾತ್ರ ಒಲಿಂಪಿಕ್ಸು. ಆಮೇಲೆ ಎಷ್ಟು ಹೆಣಗಿದರೂ ಎಡ್ಡಿಗೆ ಆ ಬಾಗಿಲು ತೆರೆಯಲೇ ಇಲ್ಲ. 1992ರಲ್ಲಿ ದಿವಾಳಿಯೂ ಆದ. ಅಷ್ಟು ಚಪ್ಪಾಳೆ ಕೇಳಿದವನು ಸಾಲಗಾರರಿಗೆ ಉತ್ತರ ಕೊಡುತ್ತ ಕೂತಿದ್ದನ್ನು ನೆನೆದರೆ ಒಂಥರಾ ಆಗುತ್ತದೆ.

ಮುಂದೆ ಅವನು ಕಾನೂನು ಓದಿ 2003ರಲ್ಲಿ ಪದವಿಯನ್ನೂ ಪಡೆದ. ಆ ನಿಯಮದ ವಿರುದ್ಧ ಒಂದು ಕೇಸು ಜಡಿಯಬೇಕಿತ್ತು. ಸಾಕ್ಷಿ ಹೇಳಲು ನಾನೇ ಹೋಗುತ್ತಿದ್ದೆ, ಬಸ್ ಚಾರ್ಜೂ ಕೇಳದೆ.